ಗಟ್ಟಿ ಸೂಪಿನ ಬಿಸಿ ಎಲ್ಲಿಗೆ ಹೋಗುತ್ತದೆ?

ಮ್ಯೂನಿಕ್ ನಗರದ ಬಡವರಿಗೆ 1790ರ ದಶಕದಲ್ಲಿ ಆಲೂಗಡ್ಡೆ ತಿನ್ನಿಸಿದ್ದು ಕದ್ದುಮುಚ್ಚಿ. ಯಾರ ಕಣ್ಣಿಗೂ ಬೀಳದ ಮೂಲೆಯ ಕೋಣೆಯೊಂದರಲ್ಲಿ ಅದನ್ನು ಬೇರೆಯಾಗಿ ಬೇಯಿಸಿ, ಗುರುತು ಸಿಗದ ಹಾಗೆ ನುರಿದು, ಆಮೇಲೆ ಸೂಪಿನ ಕಡಾಯಿಗೆ ಸುರಿಯುತ್ತಿದ್ದರು. ಆಗಿನ ಬವೇರಿಯದಲ್ಲಿ ಹಸಿದವರಿಗೂ ಆಲೂಗಡ್ಡೆ ಎಂದರೆ ಹೇಸಿಗೆ. ಈಚೆಗೆ ಸೂಪು ಮೊದಲಿಗಿಂತ ಚೆನ್ನಾಗಿದೆ ಎಂದು ಉಂಡವರೇ ಹೊಗಳತೊಡಗಿದ ಮೇಲೆ ಗುಟ್ಟು ಬಿಟ್ಟುಕೊಟ್ಟರು.

ಈ ಉಪಾಯದ ಹಿಂದಿದ್ದವನು ಬೆಂಜಮಿನ್ ಥಾಂಪ್ಸನ್. ಭೌತವಿಜ್ಞಾನ ಓದಿದವರಿಗೆ ಅವನು ಕೌಂಟ್ ರಮ್‌ಫರ್ಡ್ ಎಂದರೆ ಗೊತ್ತಾಗುತ್ತದೆ. ಫಿರಂಗಿಯ ಕೊಳವೆ ಕೊರೆಯುವಾಗ ಹುಟ್ಟುವ ಬಿಸಿಯಿಂದ ನೀರನ್ನೇ ಕುದಿಸಿ, ಶಾಖವೆಂಬುದು ಒಂದು ಬಗೆಯ ದ್ರವವಲ್ಲ, ಅದು ಚಲನೆ ಎಂದು 1798ರಲ್ಲಿ ವಾದಿಸಿದವನು ಅವನೇ. ಹುಟ್ಟಿದ್ದು 1753ರಲ್ಲಿ, ಅಮೆರಿಕದ ಮಸಾಚುಸೆಟ್ಸ್‌ನಲ್ಲಿ. ಸ್ವಾತಂತ್ರ್ಯ ಹೋರಾಟದಲ್ಲಿ ಬ್ರಿಟಿಷರ ಪರ ಬೇಹುಗಾರಿಕೆ ಮಾಡಿ, ಹೆಂಡತಿಯನ್ನೂ ಮಗಳನ್ನೂ ಅಲ್ಲೇ ಬಿಟ್ಟು ಓಡಿಹೋಗಿ, ಕೊನೆಗೆ ಬವೇರಿಯದ ದೊರೆ ಕಾರ್ಲ್ ಥಿಯೋಡೋರನ ಆಸ್ಥಾನ ಸೇರಿದ. 1790ರ ಜನವರಿ 1ರಂದು ಮ್ಯೂನಿಕ್‌ನ ಭಿಕ್ಷುಕರನ್ನೆಲ್ಲ ಸೈನಿಕರಿಂದ ಹಿಡಿಸಿ, ದುಡಿಮೆಯ ಮನೆಯೊಂದಕ್ಕೆ ತಂದು, ಸೈನ್ಯಕ್ಕೆ ಬೇಕಾದ ಬಟ್ಟೆ ನೇಯುವ ಕೆಲಸಕ್ಕೆ ಹಚ್ಚಿದ. ಮನುಷ್ಯನಾಗಿ ಅವನು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಸಾವಿರಾರು ಜನಕ್ಕೆ ಅಗ್ಗವಾಗಿ ಅಡುಗೆ ಮಾಡುವುದು ವಿಜ್ಞಾನಕ್ಕೆ ತಕ್ಕ ಪ್ರಶ್ನೆ ಎಂದು ತಿಳಿದು, ಪ್ರತಿ ಪೌಂಡು ಬಾರ್ಲಿಗೂ ಪ್ರತಿ ಪೌಂಡು ಸೌದೆಗೂ ಲೆಕ್ಕ ಬರೆದಿಟ್ಟ ಮೊದಲಿಗರಲ್ಲಿ ಅವನೊಬ್ಬ. ಆ ಲೆಕ್ಕ ಇವತ್ತಿಗೂ ಓದಲು ಸ್ವಾರಸ್ಯವಾಗಿದೆ.

ಒಂದು ಹೊತ್ತಿಗೆ 1,200 ಜನಕ್ಕೆ ಆಗುವ ಅವನ ಸೂಪಿನ ಅಳತೆಯನ್ನು ಕಿಲೋಗೆ ತಿರುಗಿಸಿದರೆ ಹೆಚ್ಚುಕಡಿಮೆ ಹೀಗಾಗುತ್ತದೆ: ಸಿಪ್ಪೆ ತೆಗೆದ ಬಾರ್ಲಿ 32 ಕಿಲೋ, ಒಣ ಬಟಾಣಿ 30 ಕಿಲೋ, ಆಲೂಗಡ್ಡೆ 104 ಕಿಲೋ, ಗೋಧಿ ಬ್ರೆಡ್ಡಿನ ತುಂಡು 32 ಕಿಲೋ, ವಿನೆಗರ್ 21 ಕಿಲೋ, ಉಪ್ಪು 9 ಕಿಲೋ, ನೀರು 446 ಕಿಲೋ. ಒಬ್ಬೊಬ್ಬರಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಬೀಳುತ್ತದೆ. ಉಪ್ಪನ್ನು ಭಾಗಿಸಿ ನೋಡಿ: ಬಟ್ಟಲಿಗೆ ಏಳೂವರೆ ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂ.

ಬೇಯಿಸುವ ಕ್ರಮವನ್ನೂ ಅವನು ಬಿಡಿಸಿ ಬರೆದಿದ್ದಾನೆ. ಮೊದಲು ನೀರು ಮತ್ತು ಬಾರ್ಲಿ. ಕುದಿ ಬಂದ ಮೇಲೆ ಬಟಾಣಿ. ಸಣ್ಣ ಉರಿಯಲ್ಲಿ ಎರಡು ಗಂಟೆ. ಆಮೇಲೆ ಆಲೂಗಡ್ಡೆ ಹಾಕಿ, ದೊಡ್ಡ ಮರದ ಸೌಟಿನಿಂದ ಆಗಾಗ ತಿರುವುತ್ತ ಇನ್ನೊಂದು ಗಂಟೆ. ಉಪ್ಪು, ವಿನೆಗರ್ ಕೊನೆಗೆ. ಬಡಿಸುವ ಹೊತ್ತಿಗೆ ಸರಿಯಾಗಿ ಬ್ರೆಡ್ಡಿನ ತುಂಡು. ಬ್ರೆಡ್ಡು ಮೆತ್ತಗಾಗದೆ ಅಗಿಯುವಂತಿದ್ದರೆ ಊಟದ ಸುಖ ಹೆಚ್ಚು ಹೊತ್ತು ಇರುತ್ತದೆ ಎಂಬುದು ಅವನ ವಾದ. ಈ ಮಾತು ಬರೆಯುವಾಗ ಅವನಿಗೆ ಉಣ್ಣುವವರ ಮೇಲೆ ಕರುಣೆಯಿತ್ತೋ, ಬರೀ ಲೆಕ್ಕವಿತ್ತೋ ಹೇಳುವುದು ಕಷ್ಟ.

ವಿನೆಗರ್ ಕೊನೆಗೆ ಎಂಬುದನ್ನು ನಮ್ಮ ಅಡುಗೆ ಭಟ್ಟರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಳೆ ಬೇಯುವ ಮುಂಚೆ ಹುಣಸೆಹುಳಿ ಬಿಡುವ ಪೆದ್ದುತನ ಯಾವ ಮದುವೆ ಮನೆಯಲ್ಲೂ ನಡೆಯದು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ಅಂಟು. ಬಿಸಿ ನೀರಿನಲ್ಲಿ ಅದು ನಿಧಾನವಾಗಿ ಕರಗಿ ಕೋಶಗಳು ಬಿಡಿಬಿಡಿಯಾದಾಗ ಬೇಳೆ ಬೆಂದಿದೆ ಎನ್ನುತ್ತೇವೆ. ಹುಳಿಯಿದ್ದರೆ ಪೆಕ್ಟಿನ್ ಕರಗುವುದು ತಡವಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಇನ್ನಷ್ಟು ಬಿಗಿಮಾಡುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಉಳಿಯುವುದು ಇದೇ ಕಾರಣಕ್ಕೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ನಿಜ. ಆದರೆ ಬೇಳೆಯಲ್ಲಿರುವ ಥಯಮಿನ್ ಎಂಬ ಬಿ1 ಜೀವಸತ್ವ ಸೋಡಾದ ಕ್ಷಾರಕ್ಕೆ ಹಾಳಾಗುತ್ತದೆ. ದಿನಾ ಅದನ್ನೇ ಉಣ್ಣುವ ಮಕ್ಕಳಿಗೆ ಬೇಯಿಸುವಾಗ ಸೋಡಾ ಬೇಡ. ಕುಡಿಯಲು ಶುದ್ಧೀಕರಿಸಿದ ನೀರಿದ್ದರೆ ಬೇಳೆ ಬೇಯಿಸಲು ಅದನ್ನೇ ಬಳಸಿ, ಮಿಕ್ಕಿದ್ದಕ್ಕೆಲ್ಲ ಕೊಳವೆಬಾವಿಯ ನೀರು ಸಾಕು.

ಇನ್ನು ಗಟ್ಟಿತನದ ವಿಚಾರ. ಈ ಅಧ್ಯಾಯದ ಉಳಿದದ್ದೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಆಲೂಗಡ್ಡೆಯಲ್ಲಿ, ಬಾರ್ಲಿಯಲ್ಲಿ, ಅಕ್ಕಿಯಲ್ಲಿ ಪಿಷ್ಟ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ರೂಪದಲ್ಲಿ. ತಣ್ಣೀರಿನಲ್ಲಿ ಅವು ಸುಮ್ಮನೆ ತಳಕ್ಕೆ ಕೂರುತ್ತವೆ. ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ನೀರು ಹೀರಿ ಊದಿಕೊಳ್ಳುತ್ತವೆ, ಒಂದಕ್ಕೊಂದು ಒತ್ತರಿಸುತ್ತವೆ, ಒಳಗಿನ ಉದ್ದನೆಯ ಅಣುಗಳು ಹೊರಗೆ ಸೋರಿ ನೀರಿನಲ್ಲಿ ಹೆಣೆದುಕೊಳ್ಳುತ್ತವೆ. ಗಂಜಿ ಗಂಜಿಯಾಗುವುದು ಹೀಗೆ. ಬಾರ್ಲಿಯಲ್ಲಿ ಪಿಷ್ಟದ ಜೊತೆಗೆ ಬೀಟಾ ಗ್ಲುಕಾನ್ ಎಂಬ ನಾರಿನಂಶವೂ ಇದೆ. ನೀರಿನಲ್ಲಿ ಕರಗಿ ಅದೂ ಲೋಳೆಗಟ್ಟುತ್ತದೆ. ಸ್ವಲ್ಪ ಬಾರ್ಲಿ ಬಹಳ ನೀರನ್ನು ಗಟ್ಟಿಮಾಡುವುದನ್ನು ಕಂಡು ರಮ್‌ಫರ್ಡ್ ಬೆರಗಾದ. ಒಣ ಪದಾರ್ಥ ಇಷ್ಟೇ ಇಷ್ಟು. ಆದರೂ ಉಂಡವರು ಹೊಟ್ಟೆ ತುಂಬಿತೆಂದು ಏಳುತ್ತಿದ್ದರು, ಜೊತೆಗೆ ಕೊಟ್ಟ ರೈ ಬ್ರೆಡ್ಡನ್ನು ತಿನ್ನದೆ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಇದರಿಂದ ಅವನು ತೆಗೆದ ತೀರ್ಮಾನ: ಸರಿಯಾಗಿ ಬೇಯಿಸಿದರೆ ನೀರೇ ಆಹಾರವಾಗುತ್ತದೆ. ಗಿಡಗಳು ನೀರಿನಿಂದ ಬೆಳೆಯುವುದಿಲ್ಲವೇ, ಮನುಷ್ಯನಿಗೂ ಹಾಗೇ ಇರಬೇಕು ಎಂದು ಅವನ ತರ್ಕ.

ತರ್ಕ ತಪ್ಪು. ಕಂಡದ್ದು ಮಾತ್ರ ಸುಳ್ಳಲ್ಲ. ಒಂದೇ ಊಟವನ್ನು ಎರಡು ಬಗೆಯಲ್ಲಿ ಕೊಟ್ಟು ಎಂಆರ್‌ಐ ಯಂತ್ರದಲ್ಲಿ ಹೊಟ್ಟೆಯ ಒಳಗನ್ನು ನೋಡಿದ ಸಂಶೋಧಕರಿದ್ದಾರೆ. ಗಟ್ಟಿ ಪದಾರ್ಥವನ್ನು ತಿಂದು ಮೇಲೆ ನೀರು ಕುಡಿದರೆ, ಜಠರ ನೀರನ್ನು ಬೇಗ ಕೆಳಗೆ ಬಿಟ್ಟುಬಿಡುತ್ತದೆ. ಅದೇ ಪದಾರ್ಥವನ್ನೂ ಅದೇ ನೀರನ್ನೂ ಸೇರಿಸಿ ನುಣ್ಣಗೆ ರುಬ್ಬಿ ಸೂಪು ಮಾಡಿದರೆ ನೀರು ಬೇರ್ಪಡುವುದಿಲ್ಲ; ಎಲ್ಲವೂ ಹೆಚ್ಚು ಹೊತ್ತು ಜಠರದಲ್ಲೇ ಇರುತ್ತದೆ, ಹಸಿವು ತಡವಾಗುತ್ತದೆ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಯಂತ್ರ ಖಚಿತಪಡಿಸಿದೆ, ಅಷ್ಟೆ. ರಮ್‌ಫರ್ಡನ ಕಾಲಕ್ಕೆ ಕ್ಯಾಲರಿಯ ಲೆಕ್ಕವೇ ಇರಲಿಲ್ಲ. ಈಗ ನಾವು ಹಾಕಿ ನೋಡಬಹುದು. ಅವನ ಅಳತೆಯಲ್ಲಿ ಬಟ್ಟಲಿಗೆ ಸುಮಾರು 310 ಕಿಲೋಕ್ಯಾಲರಿ, 12 ಗ್ರಾಂ ಪ್ರೋಟೀನ್ ಬರುತ್ತದೆ. ನಮ್ಮ ಶಾಲೆಗಳ ಬಿಸಿಯೂಟಕ್ಕೆ ಕೇಂದ್ರ ಸರ್ಕಾರ ಹಾಕಿರುವ ಅಳತೆಗೋಲು ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 450 ಕಿಲೋಕ್ಯಾಲರಿ, 12 ಗ್ರಾಂ ಪ್ರೋಟೀನ್. ಅದಕ್ಕೆಂದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅಂದರೆ ರೈ ಬ್ರೆಡ್ಡನ್ನು ಬಿಟ್ಟರೆ, ದಿನವಿಡೀ ಮಗ್ಗದ ಮುಂದೆ ಕೂರುವ ದೊಡ್ಡವರಿಗೆ ರಮ್‌ಫರ್ಡ್ ಕೊಡುತ್ತಿದ್ದುದು ಒಂದನೆಯ ತರಗತಿಯ ಮಗುವಿನ ಮಧ್ಯಾಹ್ನದ ಊಟಕ್ಕಿಂತ ಕಡಿಮೆ. ಪ್ರೋಟೀನಿನ ಮಟ್ಟಿಗೆ ಸರಿಸಮ, ಬಟಾಣಿಯ ಪುಣ್ಯ.

ಅವನ ಸೂಪು ಸೊರಗಿದ್ದರೂ ಸೂಪೇ. ಅರ್ಧ ಶತಮಾನದ ನಂತರ ಡಬ್ಲಿನ್‌ನಲ್ಲಿ ಬಡಿಸಿದ್ದನ್ನು ನೋಡಿ. ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡ್ ಹಸಿವಿನಿಂದ ಸಾಯುತ್ತಿದ್ದಾಗ, 1847ರಲ್ಲಿ ಬ್ರಿಟಿಷ್ ಸರ್ಕಾರ ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಪ್ರಸಿದ್ಧ ಬಾಣಸಿಗ ಅಲೆಕ್ಸಿ ಸೋಯೆಯನ್ನು ಕಳಿಸಿತು. ಅವನು ಸೈನಿಕರ ವಸತಿಗಳ ಮುಂದಿನ ಬಯಲಿನಲ್ಲಿ ಮರ ಮತ್ತು ಕ್ಯಾನ್ವಾಸಿನ ದೊಡ್ಡ ಚಪ್ಪರ ಹಾಕಿಸಿ, ನಡುವೆ 300 ಗ್ಯಾಲನ್ನಿನ, ಅಂದರೆ 1,300 ಲೀಟರಿಗೂ ಮೀರಿದ ಕಡಾಯಿ ಇರಿಸಿದ. ಗಂಟೆ ಬಾರಿಸಿದರೆ ನೂರು ಜನ ಒಳಗೆ. ಸಾಲಾಗಿ ಬಟ್ಟಲುಗಳು, ಸರಪಳಿ ಹಾಕಿ ಬಿಗಿದ ಚಮಚಗಳು. ಆರು ನಿಮಿಷಕ್ಕೆ ಮತ್ತೆ ಗಂಟೆ, ಮುಂದಿನ ನೂರು. ಉದ್ಘಾಟನೆಯ ದಿನ ನಗರದ ಸಿರಿವಂತರು ಐದು ಷಿಲ್ಲಿಂಗ್ ತೆತ್ತು ಬಡವರು ಉಣ್ಣುವುದನ್ನು ನೋಡಲು ಬಂದಿದ್ದರು. ಪತ್ರಿಕೆಗಳು ಉಗಿದವು, ಸರಿಯಾಗಿಯೇ.

ಸೋಯೆಯ ಮೊದಲ ಸೂಪಿನ ಅಳತೆ ಎರಡು ಗ್ಯಾಲನ್ ನೀರಿಗೆ ಕಾಲು ಪೌಂಡು ದನದ ಮಾಂಸ, ಎರಡು ಔನ್ಸ್ ಕೊಬ್ಬು, ಅರ್ಧ ಪೌಂಡು ಮೈದಾ, ಅರ್ಧ ಪೌಂಡು ಬಾರ್ಲಿ, ಒಂದಿಷ್ಟು ಈರುಳ್ಳಿ, ಉಪ್ಪು, ಚೂರು ಸಕ್ಕರೆ. ಇದನ್ನು ದಿನಕ್ಕೊಮ್ಮೆ ಹೊಟ್ಟೆ ತುಂಬ ಕುಡಿದು ಒಂದು ಬಿಸ್ಕತ್ತು ತಿಂದರೆ ಗಟ್ಟಿಮುಟ್ಟಾದ ಮನುಷ್ಯನಿಗೂ ಸಾಕು ಎಂದು ಅವನು ಹೇಳಿಕೊಂಡ. ಕೂಡಿ ನೋಡಿದರೆ ಲೀಟರಿಗೆ 260 ಕಿಲೋಕ್ಯಾಲರಿಯಷ್ಟು. ಎರಡು ಸಾವಿರ ಕಿಲೋಕ್ಯಾಲರಿ ಬೇಕೆಂದರೆ ಏಳೆಂಟು ಲೀಟರ್ ಕುಡಿಯಬೇಕು! ಆಗಿನ ವೈದ್ಯರಿಗೆ ಕ್ಯಾಲರಿ ಗೊತ್ತಿಲ್ಲದಿದ್ದರೂ ಅವನನ್ನು ಗೇಲಿ ಮಾಡುವಷ್ಟು ವಿವೇಕ ಇತ್ತು. ಆ ವರ್ಷದ ಜುಲೈ ಹೊತ್ತಿಗೆ ಐರ್ಲೆಂಡಿನಾದ್ಯಂತ ಸರ್ಕಾರಿ ಸೂಪು ಕೇಂದ್ರಗಳಲ್ಲಿ ದಿನಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಉಣ್ಣುತ್ತಿದ್ದರು. ಬಹಳ ಕಡೆ ತೆಳು ಸೂಪನ್ನು ಬಿಟ್ಟು ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಅಂಬಲಿ ಕೊಟ್ಟರು. ಜೀವ ಉಳಿಸಿದ್ದು ಆ ಅಂಬಲಿ. ಸೋಯೆಗೆ ನ್ಯಾಯ ಸಲ್ಲಿಸಬೇಕೆಂದರೆ ಅವನ ಒಲೆಯನ್ನು ಹೊಗಳಬೇಕು: ಅವನು ರೂಪಿಸಿದ ಮುಚ್ಚಿದ ಡ್ರಮ್ಮಿನಂಥ ಒಲೆ ಕಡಿಮೆ ಸೌದೆಯಲ್ಲಿ ಬೇಯಿಸುತ್ತಿತ್ತು, ಕ್ರಿಮಿಯನ್ ಯುದ್ಧದಿಂದ ಹಿಡಿದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಬ್ರಿಟಿಷ್ ಸೈನ್ಯದಲ್ಲಿ ಬಳಕೆಯಲ್ಲಿತ್ತು.

ಹಾಗಾದರೆ ಸೂಪು ಗಟ್ಟಿಯಾಗಿರಬೇಕು, ಕಾಳುಬೇಳೆ ಧಾರಾಳವಾಗಿರಬೇಕು. ಇಲ್ಲಿಗೆ ಪೋಷಣೆಯ ಪಾಠ ಮುಗಿಯಿತು. ತೊಂದರೆ ಶುರುವಾಗುವುದು ಈಗ.

ರಮ್‌ಫರ್ಡನ ಮುಂದೆ ಒಮ್ಮೆ ಗಟ್ಟಿಯಾದ ಅಕ್ಕಿ ಸೂಪಿನ ಬಟ್ಟಲು ಬಂತು. ಕೆಲಸ ಬಿಟ್ಟು ಏಳಲಾಗದೆ, ತಣಿಯದಿರಲೆಂದು ಅದನ್ನು ಒಲೆಯ ಮೇಲೆ ಇಡಿಸಿದ. ಗಂಟೆ ಕಳೆದು ಮೇಲಿನಿಂದ ಒಂದು ಚಮಚ ತೆಗೆದುಕೊಂಡರೆ ಹೆಚ್ಚುಕಡಿಮೆ ತಣ್ಣಗಾಗಿತ್ತು. ಎರಡನೆಯ ಸಲ ಚಮಚವನ್ನು ಆಳಕ್ಕೆ ಇಳಿಸಿದ. ಬಾಯಿ ಸುಟ್ಟಿತು. ಬೇಯಿಸಿದ ಸೇಬಿನ ತಿಂಡಿಗಳಲ್ಲೂ ಅವನಿಗೆ ಇದೇ ಅನುಭವ ಆಗಿತ್ತು. ಬೇರೆಯವರಾಗಿದ್ದರೆ ಅಡುಗೆಯವನನ್ನು ಬೈದು ಸುಮ್ಮನಾಗುತ್ತಿದ್ದರು. ಇವನು ನೀರನ್ನೇ ಹೆಚ್ಚಾಗಿ ಹೊಂದಿರುವ ಈ ಪದಾರ್ಥಗಳು ನೀರಿಗಿಂತ ಅಷ್ಟು ತಡವಾಗಿ ಏಕೆ ತಣಿಯುತ್ತವೆ ಎಂದು ಕೇಳಿಕೊಂಡ.

ಉತ್ತರ ಆಕಸ್ಮಿಕವಾಗಿ ಸಿಕ್ಕಿತು. ಪ್ರಯೋಗವೊಂದಕ್ಕೆ ಬಳಸಿದ ದೊಡ್ಡ ಮದ್ಯಸಾರದ ಥರ್ಮಾಮೀಟರನ್ನು ತಣಿಯಲೆಂದು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದ. ಒಳಗಿನ ದ್ರವದಲ್ಲಿ ಧೂಳಿನ ಕಣಗಳು ಸೇರಿಕೊಂಡಿದ್ದವು. ಬಿಸಿಲಿನಲ್ಲಿ ಮಿನುಗುತ್ತ ಅವು ಕೊಳವೆಯ ನಡುವಿನಲ್ಲಿ ಮೇಲಕ್ಕೂ ಅಂಚಿನಲ್ಲಿ ಕೆಳಕ್ಕೂ ಓಡುತ್ತಿರುವುದನ್ನು ಕಂಡ. ದ್ರವ ನಿಂತಂತೆ ತೋರಿದರೂ ಒಳಗೆ ಹರಿದಾಡುತ್ತಿತ್ತು. ಬಿಸಿಯನ್ನು ಹೊತ್ತೊಯ್ಯುತ್ತಿದ್ದುದು ಆ ಹರಿದಾಟವೇ. ನಾವು ಈಗ ಸಂವಹನ ಎನ್ನುವುದು ಇದನ್ನು. ನೀರಿಗೆ ಪಿಷ್ಟ ಬೆರೆಸಿ, ಇನ್ನೊಂದಕ್ಕೆ ಹಕ್ಕಿಯ ನವಿರು ಪುಕ್ಕ ತುಂಬಿ, ಬರೀ ನೀರಿನೊಂದಿಗೆ ಹೋಲಿಸಿ ನೋಡಿದ. ಹರಿದಾಟಕ್ಕೆ ಅಡ್ಡಿ ಬಂದ ಕಡೆಯೆಲ್ಲ ಶಾಖದ ಸಾಗಾಟ ನಿಧಾನವಾಯಿತು. ಉತ್ಸಾಹ ತುಸು ಹೆಚ್ಚಾಗಿ, ದ್ರವಗಳು ತಾವಾಗಿ ಶಾಖವನ್ನು ದಾಟಿಸುವುದೇ ಇಲ್ಲ ಎಂದುಬಿಟ್ಟ. ಅದು ನಿಜವಲ್ಲ, ನಿಂತ ನೀರೂ ಶಾಖವನ್ನು ದಾಟಿಸುತ್ತದೆ, ಬಹಳ ಆಮೆಗತಿಯಲ್ಲಿ.

ಈಗ ನೂರು ಲೀಟರಿನ ಕೊಳಗದ ಹುಳಿಯನ್ನು ನೋಡೋಣ. ಬೇಳೆ ಬೇಯುತ್ತಿರುವ ಮೊದಲ ಹಂತದಲ್ಲಿ ಏನೂ ಚಿಂತೆಯಿಲ್ಲ. ತಳದಲ್ಲಿ ಕಾದ ನೀರು ತಾನೇ ಮೇಲೇರುತ್ತದೆ, ತಣ್ಣನೆಯದು ಇಳಿಯುತ್ತದೆ. ಬೇಳೆ ಒಡೆದು ಕರಗಿ, ರುಬ್ಬಿದ ಖಾರ ಬಿದ್ದ ಗಳಿಗೆಯಿಂದ ಆಟ ಬದಲಾಗುತ್ತದೆ. ಮಂದವಾದ ಹುಳಿ ಹರಿದಾಡದು. ತಳಕ್ಕೆ ಅಂಟಿದ ಪದರದ ನೀರು ಆವಿಯಾಗಿ ಹೋದರೂ ಅದರ ಜಾಗಕ್ಕೆ ಹೊಸ ನೀರು ಬರುವುದಿಲ್ಲ. ನೀರಿರುವ ತನಕ ನೂರು ಡಿಗ್ರಿ ದಾಟದ ಪದರ, ನೀರು ಆರಿದ್ದೇ ತಡ ನೂರೈವತ್ತು ದಾಟಿ ಕೆಂಪಾಗಿ, ಕಪ್ಪಾಗಿ, ಸೀಯುತ್ತದೆ. ಅದೇ ಹೊತ್ತಿಗೆ ಮೇಲ್ಭಾಗ ಇನ್ನೂ ಕುದಿಗೇ ಬಂದಿರುವುದಿಲ್ಲ. ತೊವ್ವೆಯೋ ಪಾಯಸವೋ ‘ಗೊಳಕ್’ ಎಂದು ಚಿಮ್ಮಿ ಬಡಿಸುವವನ ಮುಂಗೈ ಸುಡುತ್ತದಲ್ಲ, ಅದೂ ಇದರದ್ದೇ ಫಲ: ತಳದಲ್ಲಿ ಹುಟ್ಟಿದ ಹಬೆ ಸಣ್ಣ ಗುಳ್ಳೆಗಳಾಗಿ ಸಲೀಸಾಗಿ ಏರಲಾರದೆ ಕೂಡಿಕೊಂಡು, ಒಮ್ಮೆಲೇ ಮೇಲಿನದನ್ನು ಎತ್ತಿ ಎಸೆಯುತ್ತದೆ.

ಆದ್ದರಿಂದಲೇ ತಿರುವಬೇಕು. ಸಂವಹನ ನಿಂತಾಗ ಆ ಕೆಲಸವನ್ನು ಕೈ ಮಾಡಬೇಕು. ಸುಮ್ಮನೆ ಮೇಲೆ ಸೌಟಾಡಿಸಿದರೆ ಪ್ರಯೋಜನವಿಲ್ಲ. ಉದ್ದ ಹಿಡಿಯ, ಚಪ್ಪಟೆ ತುದಿಯ ಸಟ್ಟುಗದಿಂದ ತಳವನ್ನು ಕೆರೆಯುತ್ತ ತಿರುವಬೇಕು. ಗಟ್ಟಿಮಾಡುವ ಪದಾರ್ಥ, ಅದು ರುಬ್ಬಿದ ಖಾರವಾಗಲಿ ಕದಡಿದ ಹಿಟ್ಟಾಗಲಿ, ಆದಷ್ಟು ಕೊನೆಗೆ ಬೀಳಬೇಕು. ರಮ್‌ಫರ್ಡ್ ಆಲೂಗಡ್ಡೆಯನ್ನು ಎರಡು ಗಂಟೆ ತಡೆಹಿಡಿದು ಹಾಕುತ್ತಿದ್ದುದರಿಂದ ಈ ಲಾಭವೂ ಇತ್ತು. ಒಂದು ವೇಳೆ ಸೀದ ವಾಸನೆ ಬಂತೋ, ತಳ ಕೆರೆಯಬೇಡಿ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಹೆಚ್ಚಿನ ಪಾಲು ಉಳಿಯುತ್ತದೆ, ಏಕೆಂದರೆ ಶಾಖದ ಹಾಗೆ ಸೀದ ರುಚಿಯೂ ಗಟ್ಟಿ ಹುಳಿಯಲ್ಲಿ ತಾನಾಗಿ ಮೇಲಕ್ಕೆ ಬೇಗ ಹರಡುವುದಿಲ್ಲ.

ದೊಡ್ಡ ಅಡುಗೆಮನೆಗಳು ಇದಕ್ಕೆ ಬೇರೆ ದಾರಿ ಹುಡುಕಿಕೊಂಡಿವೆ. ಶಾಲಾ ಮಕ್ಕಳಿಗೆ ಊಟ ಕಳಿಸುವ ಅಕ್ಷಯ ಪಾತ್ರ ಪ್ರತಿಷ್ಠಾನದ ಹುಬ್ಬಳ್ಳಿಯಂಥ ಅಡುಗೆಮನೆಗಳಲ್ಲಿ ಸಾಂಬಾರಿನ ಕೊಪ್ಪರಿಗೆಯ ಕೆಳಗೆ ಬೆಂಕಿಯೇ ಇರುವುದಿಲ್ಲ. ಬಿಸಿ ಬರುವುದು ಹಬೆಯಿಂದ. ಎರಡು ಪದರದ ಗೋಡೆಯ ಪಾತ್ರೆಯ ನಡುವೆ ಹಬೆ ಹಾಯಿಸುವುದು ಇಂಥ ಅಡುಗೆಯ ಸಾಮಾನ್ಯ ವಿಧಾನ. ಒಲೆಯ ಜ್ವಾಲೆ ಸಾವಿರ ಡಿಗ್ರಿ ಮೀರುತ್ತದೆ. ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡದ ಹಬೆ 120 ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. ಸೀಯುವಷ್ಟು ಬಿಸಿ ಅಲ್ಲಿ ಹುಟ್ಟುವುದೇ ಇಲ್ಲ. ಸಾಲದ್ದಕ್ಕೆ ತಳದಿಂದಷ್ಟೇ ಅಲ್ಲ, ಸುತ್ತಲ ಗೋಡೆಯಿಂದಲೂ ಶಾಖ ಒಳಗೆ ಹೋಗುತ್ತದೆ.

ಐದು ಲೀಟರಿನ ಅಳತೆಯನ್ನು ಇಪ್ಪತ್ತರಿಂದ ಗುಣಿಸಿದರೆ ನೂರು ಲೀಟರ್ ಅಡುಗೆಯಾಗದು. ಅದೇ ಆಕಾರದ ಪಾತ್ರೆ ಇಪ್ಪತ್ತು ಪಟ್ಟು ದೊಡ್ಡದಾದರೆ ತಳದ ಮತ್ತು ಬಾಯಿಯ ವಿಸ್ತೀರ್ಣ ಹೆಚ್ಚುವುದು ಏಳು ಪಟ್ಟು ಚಿಲ್ಲರೆ. ಬೆಂಕಿ ತಾಗುವ ಜಾಗ ಲೀಟರಿಗೆ ಮೂರರಲ್ಲೊಂದರ ಆಸುಪಾಸಿಗೆ ಇಳಿಯಿತು, ಹಾಗಾಗಿ ಕುದಿ ಬರಲು ಹೆಚ್ಚು ಹೊತ್ತು ಬೇಕು. ಆವಿ ಹೋಗುವ ಜಾಗವೂ ಲೀಟರಿಗೆ ಅಷ್ಟೇ ಇಳಿಯಿತು, ಹಾಗಾಗಿ ಅಷ್ಟೇ ಹೊತ್ತು ಕುದಿಸಿದರೆ ನೀರು ಬತ್ತುವ ಪ್ರಮಾಣ ಕಡಿಮೆ. ಮನೆಯ ಲೆಕ್ಕದ ನೀರನ್ನೇ ಇಪ್ಪತ್ತು ಪಟ್ಟು ಸುರಿದವರ ಹುಳಿ ನೀರುನೀರಾಗುವುದು ಈ ಕಾರಣಕ್ಕೆ. ಅನುಭವಿ ಭಟ್ಟರು ಮೊದಲಿಗೇ ಕೈ ಹಿಡಿದು ನೀರು ಹಾಕುತ್ತಾರೆ, ಪಕ್ಕದಲ್ಲೊಂದು ಹಂಡೆ ಬಿಸಿನೀರು ಇಟ್ಟುಕೊಂಡಿರುತ್ತಾರೆ.

ಬತ್ತಿಸಿ ಸರಿಮಾಡುತ್ತೇನೆ ಎನ್ನುವವರು ಗ್ಯಾಸಿನ ಬಿಲ್ಲು ನೋಡಬೇಕು. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 31 ಮೆಗಾಜೂಲ್ ಶಕ್ತಿ ಸಾಕು. ಅದರಲ್ಲಿ ಬರೀ 14 ಲೀಟರನ್ನು ಆವಿಯಾಗಿಸಲು ಮತ್ತೆ ಅಷ್ಟೇ ಶಕ್ತಿ ಬೇಕು. ಇತ್ತ ಎಷ್ಟು ಜೋರಾಗಿ ಕುದಿಸಿದರೂ ಉಷ್ಣಾಂಶ ಒಂದು ಡಿಗ್ರಿಯೂ ಏರುವುದಿಲ್ಲ, ಬೇಳೆ ಒಂದು ನಿಮಿಷವೂ ಮುಂಚೆ ಬೇಯುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಉರಿ ದೊಡ್ಡದಿರಲಿ ಸಣ್ಣದಿರಲಿ. ಮುಚ್ಚಳ ಮುಚ್ಚಿ, ಸಣ್ಣಗೆ ಕುದಿಯುವಷ್ಟೇ ಉರಿ ಇಡಿ. ಜೋರು ಕುದಿ ಸೌದೆಯ ದಂಡ ಎಂದು ರಮ್‌ಫರ್ಡ್ ಪುಟಗಟ್ಟಲೆ ಬರೆದ. ಯುರೋಪಿನ ಅಡುಗೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ, ನಾವೂ ಹಾಕಿಕೊಂಡಿಲ್ಲ.

ಊಟ ಮುಗಿದು ಕಾಲು ಕೊಳಗ ಉಳಿದರೆ? ಸಾಮೂಹಿಕ ಅಡುಗೆಯ ನಿಜವಾದ ಅಪಾಯ ಅಲ್ಲಿದೆ, ಹೆಚ್ಚಿನವರ ಗಮನ ಹೋಗದೆ ಇರುವುದೂ ಅಲ್ಲಿಗೇ. ಒಲೆ ಆರಿಸಿ ಮುಚ್ಚಿಟ್ಟ ಗಟ್ಟಿ ಸಾರಿನ ಒಳಗೆ ಹರಿದಾಟವಿಲ್ಲ. ಬಿಸಿ ಹೊರಗೆ ಬರಬೇಕೆಂದರೆ ನಿಂತ ಪದಾರ್ಥದ ಮೂಲಕ ನುಸುಳಿಕೊಂಡೇ ಬರಬೇಕು. ಹೀಗೆ ತಣಿಯಲು ಹಿಡಿಯುವ ಸಮಯ ದಪ್ಪದ ವರ್ಗದಷ್ಟು ಹೆಚ್ಚುತ್ತದೆ: ದಪ್ಪ ಎಂಟು ಪಟ್ಟಾದರೆ ಸಮಯ ಅರವತ್ತನಾಲ್ಕು ಪಟ್ಟು. ಐದು ಸೆಂಟಿಮೀಟರ್ ಆಳದ ತಟ್ಟೆಯಲ್ಲಿ ಬೇಗನೆ ತಣಿಯುವ ತೊವ್ವೆ, ನಲವತ್ತು ಸೆಂಟಿಮೀಟರ್ ದಪ್ಪದ ಪಾತ್ರೆಯ ನಡುವಿನಲ್ಲಿ ಮಾರನೆಯ ಬೆಳಗ್ಗೆಯೂ ಬೆಚ್ಚಗೇ ಇರುತ್ತದೆ.

ಆ ಬೆಚ್ಚನೆಯ ನಡುಭಾಗಕ್ಕೆ ಕಾದಿರುವ ಜೀವಿಯೊಂದಿದೆ. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಅದರ ಹೆಸರು. ಮಣ್ಣಿನಲ್ಲಿ, ಪ್ರಾಣಿಗಳ ಕರುಳಿನಲ್ಲಿ ಎಲ್ಲೆಲ್ಲೂ ಇರುವ ಬ್ಯಾಕ್ಟೀರಿಯ. ಕುದಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ, ಆದರೆ ಅದರ ಗಟ್ಟಿ ಕವಚದ ಬೀಜಕಣಗಳು ಸಾಯುವುದಿಲ್ಲ. ಕುದಿತ ಅದಕ್ಕೆ ಎರಡು ಉಪಕಾರ ಮಾಡುತ್ತದೆ: ಪೈಪೋಟಿಗಿದ್ದ ಬೇರೆ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಸೂಪಿನೊಳಗಿನ ಆಮ್ಲಜನಕವನ್ನು ಓಡಿಸುತ್ತದೆ. ಈ ಜೀವಿಗೆ ಆಮ್ಲಜನಕ ಆಗದು. ಪಾತ್ರೆ 50 ಡಿಗ್ರಿಗೆ ಇಳಿಯುತ್ತಿದ್ದಂತೆ ಬೀಜಕಣಗಳು ಮೊಳೆಯುತ್ತವೆ. 43ರಿಂದ 47 ಡಿಗ್ರಿಯ ನಡುವೆ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ವೇಗದಲ್ಲಿ ಮೂರು ಗಂಟೆ ಸಿಕ್ಕರೆ ಒಂದು, ಎರಡೂವರೆ ಲಕ್ಷ ಮೀರುತ್ತದೆ. ವಾಸನೆಯಲ್ಲಿ, ರುಚಿಯಲ್ಲಿ ವ್ಯತ್ಯಾಸ ಗೊತ್ತಾಗದೆ ಹೋಗಬಹುದು. ಉಂಡ ಎಂಟು ಹತ್ತು ಗಂಟೆಗೆ ಹೊಟ್ಟೆ ನುಲಿತ, ಭೇದಿ. ಮಾಂಸದ ಸಾರಿನಲ್ಲಿ ಈ ತೊಂದರೆ ಹೆಚ್ಚು, ಬೇಳೆಕಾಳಿನಲ್ಲೂ ಉಂಟು. ಹುಣಸೆಹಣ್ಣು ಚೆನ್ನಾಗಿ ಬಿದ್ದ ಸಾರಿಗೆ ಹುಳಿಯಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ತೊವ್ವೆಗೆ, ಪಾಯಸಕ್ಕೆ ಅದೂ ಇಲ್ಲ.

ಉಳಿದದ್ದನ್ನು ಏನು ಮಾಡಬೇಕೆಂಬುದು ಇಷ್ಟು ಹೇಳಿದ ಮೇಲೆ ತಾನಾಗಿ ಹೊಳೆಯುತ್ತದೆ. ಒಂದೋ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಯೇ ಇಡಬೇಕು, ಇಲ್ಲವೇ ಅಪಾಯದ ವಲಯವನ್ನು ಬೇಗ ದಾಟಿಸಬೇಕು. ಅಮೆರಿಕದ ಆಹಾರ ಸಂಹಿತೆ 57 ಡಿಗ್ರಿಯಿಂದ 21ಕ್ಕೆ ಇಳಿಸಲು ಎರಡು ಗಂಟೆ, ಅಲ್ಲಿಂದ 5ಕ್ಕೆ ಇಳಿಸಲು ಇನ್ನು ನಾಲ್ಕು ಗಂಟೆ ಕೊಡುತ್ತದೆ. ನಮ್ಮ ಬೇಸಗೆಯಲ್ಲಿ ಗಾಳಿಗಿಟ್ಟು 21ಕ್ಕೆ ತರುವ ಮಾತೇ ಇಲ್ಲ. ಅಗಲ ತಟ್ಟೆಗಳಿಗೆ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಸುರಿದು, ತಟ್ಟೆಯನ್ನು ಐಸು ನೀರಿನಲ್ಲಿ ನಿಲ್ಲಿಸಿ, ತಿರುವುತ್ತಿರಬೇಕು. ಕೆಲವರು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಬಾಕಿ ನೀರನ್ನು ಶುದ್ಧವಾದ ಐಸಿನ ರೂಪದಲ್ಲಿ ಸೇರಿಸುತ್ತಾರೆ. ಒಳ್ಳೆಯ ಉಪಾಯ, ಆದರೆ ಲೆಕ್ಕ ತಿಳಿದಿರಲಿ: 95 ಡಿಗ್ರಿಯ 70 ಲೀಟರ್ ಸೂಪಿಗೆ 30 ಕಿಲೋ ಐಸು ಹಾಕಿದರೆ ಅದು ಬಂದು ನಿಲ್ಲುವುದು 43 ಡಿಗ್ರಿಯ ಹತ್ತಿರ, ಬ್ಯಾಕ್ಟೀರಿಯಕ್ಕೆ ಬಲು ಹಿತವಾದ ಉಷ್ಣಾಂಶದಲ್ಲಿ. ಅಲ್ಲಿಂದ ಮುಂದೆ ತಟ್ಟೆಗಳು ಬೇಕೇ ಬೇಕು. ಮತ್ತೆ ಬಡಿಸುವ ಮುಂಚೆ ಪೂರ್ತಿ ಕುದಿಸಿದರೆ ಬೆಳೆದುಕೊಂಡ ಪರ್ಫ್ರಿಂಜೆನ್ಸ್ ಸಾಯುತ್ತದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷ ಮಾತ್ರ ಕುದಿಸಿದರೂ ಹೋಗದು. ಹೊರಗೇ ಇದ್ದ ನಿನ್ನೆಯ ಅನ್ನ ಬೆರೆತ ಬಿಸಿಬೇಳೆಭಾತನ್ನು ಇವತ್ತು ಕಾಯಿಸಿ ಬಡಿಸುವವರು ಇದನ್ನು ಮರೆಯಬಾರದು.

ಜಾತ್ರೆಗೋ ಶಾಲೆಗೋ ನೆರೆ ಸಂತ್ರಸ್ತರ ಶಿಬಿರಕ್ಕೋ ಅಡುಗೆಯ ಹೊಣೆ ನಿಮ್ಮ ಮೇಲೆ ಬಿದ್ದರೆ, ಪಾತ್ರೆಪಡಗದ ಪಟ್ಟಿಗೆ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರೊಂದನ್ನು ಸೇರಿಸಿಕೊಳ್ಳಿ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರ ಮೊನೆಯನ್ನು ಮೇಲ್ಮೈಯಲ್ಲಿ ಅದ್ದಿ ತೃಪ್ತರಾಗಬೇಡಿ. ಪಾತ್ರೆಯ ನಟ್ಟನಡುವಿಗೆ, ಎಟುಕುವಷ್ಟು ಆಳಕ್ಕೆ ಇಳಿಸಿ ನೋಡಿ. ಆಳಕ್ಕೆ ಎಟುಕದಿದ್ದರೆ ಮೊದಲು ಚೆನ್ನಾಗಿ ತಿರುವಿ, ಆಮೇಲೆ ನೋಡಿ.